ಬಯೋಸೆನ್ಸರ್ ಸಂಶೋಧನೆಗೆ ಹೊಸಬರನ್ನು ಅಣಿಗೊಳಿಸುವ ಬಗೆ

ಜೈವಿಕ ವಿಶ್ಲೇಷಣಾ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ಯುವ ಸಂಶೋಧಕರಲ್ಲಿ ಹೆಚ್ಚಿನವರಿಗೆ ವಿಷಯದ ಒಂದು ಪಾಲು ಚೆನ್ನಾಗಿ ತಿಳಿದಿರುತ್ತದೆ, ಉಳಿದದ್ದು ಹೊಸದಾಗಿರುತ್ತದೆ. ರಸಾಯನಶಾಸ್ತ್ರ ಓದಿದವರಿಗೆ ದ್ರಾವಣಗಳ ಲೆಕ್ಕ ಕರಗತ. ಆದರೆ ಅವರು ಪ್ರೋಟೀನನ್ನೂ ಉಪ್ಪಿನಂತೆ ಜೋರಾಗಿ ಕುಲುಕಿ ಕರಗಿಸಲು ಹೊರಡುತ್ತಾರೆ. ಜೀವಶಾಸ್ತ್ರದವರು ಕಿಣ್ವ, ಪ್ರತಿಕಾಯಗಳನ್ನು ಜೋಪಾನ ಮಾಡಬಲ್ಲರು; ಆದರೆ ಉಪಕರಣ ಬರೆದುಕೊಟ್ಟ ರೇಖೆಯನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ. ಎಲೆಕ್ಟ್ರಾನಿಕ್ಸ್‌ನಿಂದ ಬಂದವರಿಗೆ ಗದ್ದಲವನ್ನು ಸೋಸಿ ಸಂಕೇತವನ್ನು ಬೇರ್ಪಡಿಸುವುದು ಗೊತ್ತು. ಬಫರ್, ಅಂದರೆ ಆಮ್ಲೀಯತೆ ಸುಲಭವಾಗಿ ಬದಲಾಗದಂತೆ ಕಾಯುವ ದ್ರಾವಣ, ಬೇರೆಯಾದರೆ ಸಂಕೇತವೇ ಬದಲಾಗಬಹುದು ಎಂಬುದು ಅವರಿಗೆ ಹೊಳೆಯಲು ಸಮಯ ಹಿಡಿಯುತ್ತದೆ. ಇಂತಹ ಮೂವರನ್ನೂ ಒಂದೇ ದಾರಿಯಲ್ಲಿ ನಡೆಸಲು ಬೇಕಾದ ಕ್ರಮವನ್ನು ಮಾರ್ಗದರ್ಶಕರಿಗಾಗಿ ಇಲ್ಲಿ ವಿವರಿಸಲಾಗಿದೆ. ಬಯೋಸೆನ್ಸರ್ ಎಂದರೆ ಕಿಣ್ವ, ಪ್ರತಿಕಾಯದಂತಹ ಜೈವಿಕ ಅಣುವಿನ ನೆರವಿನಿಂದ ಒಂದು ವಸ್ತುವನ್ನು ಗುರುತಿಸಿ, ಅದನ್ನು ಅಳೆಯಬಹುದಾದ ಸಂಕೇತವಾಗಿ ಬದಲಿಸುವ ಸಾಧನ. ಅದನ್ನು ತಯಾರಿಸುವುದನ್ನು ಕಲಿಸುವುದು ಕಷ್ಟವಲ್ಲ. ಸಂಕೇತವೊಂದು ಬಂದಾಗ ಅದು ನಿಜವಾಗಿ ಯಾವುದರಿಂದ ಬಂತು ಎಂದು ಕೇಳುವುದನ್ನು, ಆ ಪ್ರಶ್ನೆಗೆ ಮತ್ತೊಂದು ಪ್ರಯೋಗದಿಂದಲೇ ಉತ್ತರ ಪಡೆಯುವುದನ್ನು ಕಲಿಸಬೇಕು. ಮುಂದಿನ ಎಲ್ಲ ಹಂತಗಳೂ ಈ ಉದ್ದೇಶಕ್ಕಾಗಿಯೇ ಇವೆ.

ಹಂತ 1: ಪಿಪೆಟ್, ತಕ್ಕಡಿ, ದ್ರಾವಣ

ಮೊದಲ ವಾರಗಳಲ್ಲಿ ಸೆನ್ಸರಿನ ಮಾತು ಬೇಡ. ಹೊಸಬರಿಗೆ ಒಂದು ಪಿಪೆಟ್, 0.01 ಮಿಲಿಗ್ರಾಂವರೆಗೆ ತೂಗುವ ತಕ್ಕಡಿ ಮತ್ತು ಶುದ್ಧ ನೀರನ್ನು ಕೊಟ್ಟು, 10 ಮೈಕ್ರೋಲೀಟರಿನಂತೆ ಹತ್ತು ಬಾರಿ ನೀರು ಹಾಕಿ ಪ್ರತಿ ಬಾರಿಯೂ ತೂಕ ಬರೆದುಕೊಳ್ಳಲು ಹೇಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಮೈಕ್ರೋಲೀಟರ್ ನೀರು ಸುಮಾರು 9.98 ಮಿಲಿಗ್ರಾಂ ತೂಗಬೇಕು. ಸರಾಸರಿ ಎಷ್ಟು ದೂರ ಸರಿದಿದೆ ಎಂಬುದು ಒಂದು ವಿಷಯ, ಹತ್ತು ತೂಕಗಳು ಪರಸ್ಪರ ಎಷ್ಟು ಚದುರಿವೆ ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ಪಿಪೆಟ್ಟಿನ ದೋಷ, ಎರಡನೆಯದು ಹೆಚ್ಚಾಗಿ ಕೈಯ ದೋಷ. ತುದಿಯನ್ನು ಮೊದಲು ಒಂದೆರಡು ಬಾರಿ ಒದ್ದೆ ಮಾಡಿಕೊಳ್ಳುವುದರಿಂದ, ಪಿಪೆಟ್ಟನ್ನು ನೆಟ್ಟಗೆ ಹಿಡಿಯುವುದರಿಂದ, ಗುಂಡಿಯನ್ನು ನಿಧಾನವಾಗಿ ಬಿಡುವುದರಿಂದ ಈ ಚದುರುವಿಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಅವರೇ ಅಳೆದು ನೋಡಲಿ. ನಂತರ ಇದನ್ನೇ ಸೀರಮ್‌ನಂತಹ ಮಂದ ದ್ರವದಲ್ಲಿ ಮಾಡಿಸಿದರೆ, ಎರಡನೆಯ ನಿಲುಗಡೆಯವರೆಗೆ ಒತ್ತಿ ಹೀರಿ ಮೊದಲ ನಿಲುಗಡೆಯವರೆಗೆ ಮಾತ್ರ ಬಿಡುವ ಹಿಮ್ಮುಖ ವಿಧಾನ ಏಕೆ ಬೇಕಾಯಿತು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದರ ಬೆನ್ನಿಗೇ ಸರಣಿ ದುರ್ಬಲೀಕರಣದ ಲೆಕ್ಕವನ್ನು ಮಾಡಿಸಬೇಕು. ಹತ್ತು ಪಟ್ಟಿನಂತೆ ಆರು ಬಾರಿ ತಿಳಿಗೊಳಿಸುವಾಗ ಪ್ರತಿ ಹಂತದಲ್ಲಿಯೂ ಒಂದೇ ದಿಕ್ಕಿಗೆ ಶೇಕಡಾ 2ರಷ್ಟು ತಪ್ಪು ಸೇರಿದರೆ, ಕೊನೆಯ ಕೊಳವೆಯಲ್ಲಿ ಅದು ಸುಮಾರು ಶೇಕಡಾ 12ರಷ್ಟಾಗುತ್ತದೆ. ಅಷ್ಟೇ ಅಲ್ಲ, ಪ್ರೋಟೀನು ಮಿಲಿಲೀಟರಿಗೆ ನ್ಯಾನೋಗ್ರಾಂ ಪ್ರಮಾಣಕ್ಕೆ ಇಳಿದಾಗ ಅದರ ಒಂದು ಭಾಗ ಪ್ಲಾಸ್ಟಿಕ್ ಕೊಳವೆಯ ಗೋಡೆಗೇ ಅಂಟಿಕೊಂಡುಬಿಡುತ್ತದೆ. ಹಾಗಾಗಿ ತಿಳಿಗೊಳಿಸುವ ಬಫರಿನಲ್ಲಿ ಶೇಕಡಾ 0.1ರಷ್ಟು ಆಲ್ಬುಮಿನ್ ಸೇರಿಸುವುದು ಅಥವಾ ಪ್ರೋಟೀನು ಕಡಿಮೆ ಅಂಟುವ ಕೊಳವೆಗಳನ್ನು ಬಳಸುವುದು ರೂಢಿಯಲ್ಲಿದೆ. ಚೀಟಿಯ ಮೇಲೆ ಬರೆದ ಸಾಂದ್ರತೆಯೇ ಕೊಳವೆಯೊಳಗೂ ಇದೆ ಎಂದು ನಂಬುವ ಅಭ್ಯಾಸವನ್ನು ಆರಂಭದಲ್ಲೇ ಬಿಡಿಸುವುದು ಒಳ್ಳೆಯದು.

ಹಂತ 2: ಬರಿಯ ಎಲೆಕ್ಟ್ರೋಡನ್ನು ಅರಿಯುವುದು

ವಿದ್ಯುದ್ರಾಸಾಯನಿಕ ಸೆನ್ಸರುಗಳಲ್ಲಿ ಕೆಲಸ ಮಾಡುವವರು ಯಾವುದೇ ಜೈವಿಕ ಅಣುವನ್ನು ಮುಟ್ಟುವ ಮೊದಲು ಬರಿಯ ಎಲೆಕ್ಟ್ರೋಡಿನೊಡನೆ ಸಾಕಷ್ಟು ಸಮಯ ಕಳೆಯಬೇಕು. ಗಾಜಿನಂಥ ಇಂಗಾಲದ ಎಲೆಕ್ಟ್ರೋಡನ್ನು 1, 0.3 ಮತ್ತು 0.05 ಮೈಕ್ರೋಮೀಟರಿನ ಅಲ್ಯುಮಿನಾ ಪುಡಿಗಳಿಂದ ಕ್ರಮವಾಗಿ ಉಜ್ಜಿ, ತೊಳೆದು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕೆಲವು ಮಿಲಿಮೋಲಾರ್ ಫೆರಿಸಯನೈಡ್ ಹಾಕಿ ಸೈಕ್ಲಿಕ್ ವೋಲ್ಟಾಮೊಗ್ರಾಂ, ಅಂದರೆ ವಿಭವವನ್ನು ಏರಿಸಿ ಇಳಿಸುತ್ತ ಹರಿಯುವ ಪ್ರವಾಹವನ್ನು ದಾಖಲಿಸುವ ರೇಖೆ, ತೆಗೆಯುವುದು ಮೊದಲ ಪಾಠ. ಒಂದು ಎಲೆಕ್ಟ್ರಾನು ಮಾತ್ರ ವಿನಿಮಯವಾಗುವ ಆದರ್ಶ ಪ್ರಕ್ರಿಯೆಯಲ್ಲಿ ಉತ್ಕರ್ಷಣದ ಶಿಖರಕ್ಕೂ ಅಪಕರ್ಷಣದ ಶಿಖರಕ್ಕೂ ಸುಮಾರು 59 ಮಿಲಿವೋಲ್ಟ್ ಅಂತರವಿರಬೇಕು. ಚೆನ್ನಾಗಿ ಉಜ್ಜಿದ ಮೇಲ್ಮೈ 60ರಿಂದ 80ರೊಳಗೆ ಕೊಟ್ಟರೆ ಮುಂದುವರಿಯಬಹುದು. ಅಂತರ 150 ಬಂದರೆ ಮತ್ತೆ ಉಜ್ಜಲಿ. ಇದಕ್ಕೆ ರಿಯಾಯಿತಿ ಕೊಡಬಾರದು, ಏಕೆಂದರೆ ಕೊಳೆಯಾದ ಎಲೆಕ್ಟ್ರೋಡಿನ ಮೇಲೆ ಪ್ರತಿಕಾಯ ಕೂರಿಸಿ, ಅದು ಮೇಲ್ಮೈಯನ್ನು ಮುಚ್ಚಿದ್ದರಿಂದಲೇ ಶಿಖರ ತಗ್ಗಿತೆಂದು ಸಂಭ್ರಮಿಸುವವರು ಕೊಳೆಯನ್ನೇ ಅಳೆದಿರುವ ಸಾಧ್ಯತೆಯಿದೆ.

ಮುಂದೆ ಸ್ಕ್ಯಾನಿನ ವೇಗವನ್ನು, ಅಂದರೆ ವಿಭವ ಬದಲಾಗುವ ವೇಗವನ್ನು, ಬದಲಿಸುತ್ತ ಶಿಖರದ ಪ್ರವಾಹವನ್ನು ಅಳೆಸಿ. ಪ್ರವಾಹವು ವೇಗದ ವರ್ಗಮೂಲಕ್ಕೆ ಅನುಪಾತದಲ್ಲಿ ಏರಿದರೆ ಅಣುಗಳು ದ್ರಾವಣದಿಂದ ವಿಸರಣದ ಮೂಲಕ ಬರುತ್ತಿವೆ. ವೇಗಕ್ಕೇ ನೇರ ಅನುಪಾತದಲ್ಲಿದ್ದರೆ ಅವು ಮೇಲ್ಮೈಗೆ ಅಂಟಿಕೊಂಡಿವೆ. ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಈ ಪ್ರಯೋಗ, ಸಂಕೇತದ ಮೂಲವನ್ನು ಪತ್ತೆಹಚ್ಚುವುದಕ್ಕೆ ಸಿಗುವ ಅತ್ಯಂತ ಸರಳ ಉದಾಹರಣೆ. ವಿಭವವನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಆ ನಿರ್ದೇಶಕ ಎಲೆಕ್ಟ್ರೋಡನ್ನು ಕೂಡ ನಂಬಿ ಕೂರುವಂತಿಲ್ಲ. ಒಂದೇ ಬಗೆಯ ಎರಡು ಬೆಳ್ಳಿ–ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡುಗಳನ್ನು ಒಂದೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿ ನಡುವಿನ ವಿಭವವನ್ನು ನೋಡಿದರೆ ಅದು ಕೆಲವೇ ಮಿಲಿವೋಲ್ಟಿನೊಳಗಿರಬೇಕು. ಇಲ್ಲದಿದ್ದರೆ ಎರಡರಲ್ಲೊಂದು ಒಣಗಿದೆ, ಅಥವಾ ಅದರ ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದೆ.

ಸುರಕ್ಷತೆಯ ಮಾತು ಇಲ್ಲಿಯೇ ಬರಬೇಕು. ಫೆರಿಸಯನೈಡ್ ದ್ರಾವಣವನ್ನು ಪ್ರಬಲ ಆಮ್ಲದ ತ್ಯಾಜ್ಯದ ಬಾಟಲಿಗೆ ಸುರಿದರೆ ಹೈಡ್ರೋಜನ್ ಸಯನೈಡ್ ಅನಿಲ ಬಿಡುಗಡೆಯಾಗಬಹುದು, ಆದ್ದರಿಂದ ಅದಕ್ಕೆ ಪ್ರತ್ಯೇಕ ಬಾಟಲಿ ಇರಲಿ. ಚಿನ್ನದ ಮೇಲ್ಮೈಯನ್ನು ಶುದ್ಧಗೊಳಿಸಲು ಬಳಸುವ, ಸಾಂದ್ರ ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಪಿರಾನಾ ದ್ರಾವಣವನ್ನು ಹೊಸಬರ ಕೈಗೆ ಒಂಟಿಯಾಗಿ ಕೊಡಲೇಬಾರದು. ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ವಿಭವವನ್ನು ಹಿಂದೆಮುಂದೆ ಓಡಿಸಿ ಶುದ್ಧಗೊಳಿಸುವ ವಿಧಾನ ಬಹುಪಾಲು ಕೆಲಸಗಳಿಗೆ ಸಾಕು.

ಹಂತ 3: ಜೈವಿಕ ಅಣುಗಳನ್ನು ನಿಭಾಯಿಸುವುದು

ಕಿಣ್ವ ಅಥವಾ ಪ್ರತಿಕಾಯದ ಬಾಟಲಿ ಬಂದ ದಿನವೇ ಅದನ್ನು ಸಣ್ಣ ಪಾಲುಗಳಾಗಿ ಹಂಚಿ, ದಿನಾಂಕ ಬರೆದು, ಸೂಕ್ತ ತಾಪದಲ್ಲಿ ಇಡುವುದನ್ನು ಕಲಿಸಬೇಕು. ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದ ಪ್ರೋಟೀನು ಚಟುವಟಿಕೆ ಕಳೆದುಕೊಳ್ಳುತ್ತದೆ. ಮಂಜು ಕಟ್ಟದಂತೆ ಆಗಾಗ ತಾನೇ ಬೆಚ್ಚಗಾಗುವ ಬಗೆಯ ಫ್ರೀಜರು ಮನೆಬಳಕೆಗೆ ಅನುಕೂಲವಾದರೂ ಕಿಣ್ವಗಳಿಗೆ ಹಾನಿಕರ.

ಬಾಟಲಿಯ ಜೊತೆ ಬರುವ ಹಾಳೆಯನ್ನು ಓದಿಸುವುದು ಇದಕ್ಕಿಂತ ಮುಖ್ಯ. ಪ್ರತಿಕಾಯ ಕೆಡದಿರಲೆಂದು ಅದರಲ್ಲಿ ಸೋಡಿಯಂ ಅಜೈಡ್ ಬೆರೆಸಿರಬಹುದು. ಗುರುತಾಗಿ ಬಳಸುವ ಪೆರಾಕ್ಸಿಡೇಸ್ ಕಿಣ್ವವನ್ನು ಅದೇ ಅಜೈಡ್ ತಡೆಯುತ್ತದೆ. ಬಫರಿನಲ್ಲಿ ಟ್ರಿಸ್ ಅಥವಾ ಗ್ಲೈಸಿನ್ ಇದ್ದರೆ ಅವುಗಳ ಅಮೈನ್ ಗುಂಪುಗಳು ಪ್ರತಿಕಾಯದ ಅಮೈನ್‌ಗಳೊಂದಿಗೆ ಪೈಪೋಟಿ ನಡೆಸಿ, ಪ್ರತಿಕಾಯವನ್ನು ಅಂಟಿಸಲೆಂದು ಮೇಲ್ಮೈಯ ಕಾರ್ಬಾಕ್ಸಿಲ್ ಗುಂಪುಗಳನ್ನು ಸಕ್ರಿಯಗೊಳಿಸಿ ಸಿದ್ಧಪಡಿಸಿದ ಜಾಗಗಳನ್ನೆಲ್ಲ ತಾವೇ ಆಕ್ರಮಿಸುತ್ತವೆ. ಈ ಸಕ್ರಿಯಗೊಳಿಸುವಿಕೆಗೆ ಬಳಸುವ ಇಡಿಸಿ ಎಂಬ ಕಾರಕ ಗಾಳಿಯ ತೇವವನ್ನು ಹೀರಿ ಹಾಳಾಗುವಂಥದ್ದು. ಫ್ರೀಜರಿನಿಂದ ತೆಗೆದ ಬಾಟಲಿ ಕೋಣೆಯ ತಾಪಕ್ಕೆ ಬರುವವರೆಗೆ ಕಾಯದೆ ಮುಚ್ಚಳ ತೆರೆದರೆ ಒಳಗೆ ನೀರು ಸಾಂದ್ರಿಸಿ, ಮುಂದಿನ ಹಲವು ವಾರಗಳ ಜೋಡಣೆಗಳು ಕಾರಣ ಗೊತ್ತಾಗದಂತೆ ವಿಫಲವಾಗುತ್ತವೆ. ಸಂಶೋಧನಾ ಲೇಖನಗಳ ವಿಧಾನ ಭಾಗದಲ್ಲಿ ಇಂತಹ ಸಂಗತಿಗಳು ಅಪರೂಪಕ್ಕೆ ಮಾತ್ರ ಸಿಗುತ್ತವೆ. ಹಿರಿಯರು ಪಕ್ಕದಲ್ಲಿ ನಿಂತು ಹೇಳಿಕೊಡಬೇಕಾದದ್ದು ಇದನ್ನೇ.

ಹಂತ 4: ಗ್ಲೂಕೋಸ್ ಸೆನ್ಸರನ್ನು ಮೊದಲಿನಿಂದ ಕೊನೆಯವರೆಗೆ ಮಾಡಿಸುವುದು

ಹೊಸಬರಿಗೆ ಮೊದಲ ಯೋಜನೆಯಾಗಿ ಹೊಸ ಗುರಿ ಅಣುವೊಂದನ್ನು, ಅಂದರೆ ಸೆನ್ಸರ್ ಅಳೆಯಬೇಕಾದ ಹೊಸ ವಸ್ತುವೊಂದನ್ನು, ಕೊಡುವುದು ಆಕರ್ಷಕವಾಗಿ ಕಾಣುತ್ತದೆ, ಆದರೆ ಅದು ಸರಿಯಲ್ಲ. ಸರಿಯುತ್ತರ ಮೊದಲೇ ತಿಳಿದಿರುವ ವ್ಯವಸ್ಥೆಯೇ ಕಲಿಕೆಗೆ ಬೇಕು. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಆಮ್ಲಜನಕದ ಎಲೆಕ್ಟ್ರೋಡಿನ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವನ್ನು ಪೊರೆಯೊಂದರಿಂದ ಹಿಡಿದಿಡುವ ವಿಚಾರವನ್ನು ಮುಂದಿಟ್ಟಂದಿನಿಂದ ಇಂದಿನವರೆಗೆ ಬಯೋಸೆನ್ಸರ್ ಕ್ಷೇತ್ರದ ಬಹುತೇಕ ಎಲ್ಲ ಸಮಸ್ಯೆಗಳೂ ಈ ಒಂದು ಸೆನ್ಸರಿನಲ್ಲಿಯೇ ಎದುರಾಗಿವೆ. ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸಿ ಆಮ್ಲಜನಕವನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. ಆ ಪೆರಾಕ್ಸೈಡನ್ನು ಪ್ಲಾಟಿನಂ ಮೇಲೆ ಸುಮಾರು 0.6ರಿಂದ 0.7 ವೋಲ್ಟಿನಲ್ಲಿ ಅಳೆಯಬಹುದು. ಆದರೆ ಅದೇ ವಿಭವದಲ್ಲಿ ರಕ್ತದಲ್ಲಿರುವ ಆಸ್ಕಾರ್ಬಿಕ್ ಆಮ್ಲ, ಯೂರಿಕ್ ಆಮ್ಲ ಮತ್ತು ನೋವಿಗೆ ನುಂಗಿದ ಪ್ಯಾರಸಿಟಮಾಲ್ ಕೂಡ ಉತ್ಕರ್ಷಣಗೊಂಡು ಸಂಕೇತ ಕೊಡುತ್ತವೆ. ಜೊತೆಗೆ ಆಮ್ಲಜನಕ ಕಡಿಮೆಯಾದಲ್ಲಿ ಗ್ಲೂಕೋಸ್ ಎಷ್ಟೇ ಇದ್ದರೂ ಸಂಕೇತ ಏರುವುದಿಲ್ಲ. 1984ರಲ್ಲಿ ಪ್ರಕಟವಾದ, ಆಮ್ಲಜನಕದ ಬದಲು ಕಿಣ್ವದಿಂದ ಎಲೆಕ್ಟ್ರೋಡಿಗೆ ಎಲೆಕ್ಟ್ರಾನುಗಳನ್ನು ಸಾಗಿಸುವ ಫೆರೊಸೀನ್ ಮಧ್ಯವರ್ತಿಯ ಸೆನ್ಸರ್ ಆಮ್ಲಜನಕದ ಮೇಲಿನ ಅವಲಂಬನೆಯನ್ನು ತಗ್ಗಿಸಿ, ಕಡಿಮೆ ವಿಭವದಲ್ಲಿ ಅಳೆಯಲು ದಾರಿ ಮಾಡಿಕೊಟ್ಟಿತು. ಮನೆಯಲ್ಲೇ ಬಳಸುವ ಗ್ಲೂಕೋಸ್ ಮೀಟರುಗಳು ಆ ದಾರಿಯಲ್ಲಿ ಬಂದವು. ಈ ಇತಿಹಾಸವನ್ನು ಪಾಠವಾಗಿ ಹೇಳುವ ಬದಲು, ಒಂದೊಂದು ತೊಡಕನ್ನೂ ವಿದ್ಯಾರ್ಥಿಯೇ ತನ್ನ ಸೆನ್ಸರಿನಲ್ಲಿ ಕಂಡು, ಪರಿಹಾರ ಯೋಚಿಸಿದ ಮೇಲೆ ಹಳೆಯ ಲೇಖನವನ್ನು ಕೈಗೆ ಕೊಡುವುದು ಹೆಚ್ಚು ಫಲಕಾರಿ.

ಇಲ್ಲಿ ಬೇಕೆಂದೇ ಉಳಿಸಿಕೊಳ್ಳಬೇಕಾದ ಒಂದು ಒಗಟು ಇದೆ. ಗ್ಲೂಕೋಸ್ ಪುಡಿಯನ್ನು ಬೆಳಿಗ್ಗೆ ಕರಗಿಸಿ ತಕ್ಷಣ ಅಳೆದವರಿಗೆ ಕಡಿಮೆ ಸಂಕೇತ ಬರುತ್ತದೆ. ಅದೇ ದ್ರಾವಣವನ್ನು ಮರುದಿನ ಅಳೆದರೆ ಸಂಕೇತ ಹೆಚ್ಚಿರುತ್ತದೆ. ಸೆನ್ಸರ್ ಸುಧಾರಿಸಿತು ಎಂದು ಬರೆದುಕೊಳ್ಳಲು ಮನಸ್ಸಾಗುತ್ತದೆ. ನಿಜವಾದ ಕಾರಣವೆಂದರೆ, ಸಾಮಾನ್ಯವಾಗಿ ಸಿಗುವ ಪುಡಿಯಲ್ಲಿ ಗ್ಲೂಕೋಸ್ ಆಲ್ಫಾ ರೂಪದಲ್ಲಿರುತ್ತದೆ, ಕಿಣ್ವವಾದರೋ ಬೀಟಾ ರೂಪವನ್ನು ಮಾತ್ರ ಚೆನ್ನಾಗಿ ಗುರುತಿಸುತ್ತದೆ. ನೀರಿನಲ್ಲಿ ಕೆಲವು ಗಂಟೆಗಳು ಕಳೆದ ಮೇಲೆ ಸುಮಾರು ಶೇಕಡಾ 36 ಆಲ್ಫಾ, 64 ಬೀಟಾ ಎಂಬ ಸಮತೋಲನ ಏರ್ಪಡುತ್ತದೆ. ದ್ರಾವಣವನ್ನು ಹಿಂದಿನ ರಾತ್ರಿಯೇ ಮಾಡಿಡಬೇಕೆಂಬ ನಿಯಮವನ್ನು ಮೊದಲೇ ಹೇಳಿಬಿಟ್ಟರೆ ವಿದ್ಯಾರ್ಥಿ ಅದನ್ನು ಪಾಲಿಸುತ್ತಾನೆ, ಅಷ್ಟೆ. ಹೇಳದೆ ಬಿಟ್ಟು, ಹೊಸ ಸೆನ್ಸರಿನಲ್ಲಿ ಹಳೆಯ ದ್ರಾವಣ, ಹಳೆಯ ಸೆನ್ಸರಿನಲ್ಲಿ ಹೊಸ ದ್ರಾವಣ ಎಂದು ಅದಲುಬದಲು ಮಾಡಿ ನೋಡುವಂತೆ ಪ್ರೇರೇಪಿಸಿದರೆ, ಕಾರಣ ಸೆನ್ಸರಿನಲ್ಲಿಲ್ಲ, ದ್ರಾವಣದಲ್ಲಿದೆ ಎಂಬುದು ಎರಡೇ ದಿನಗಳಲ್ಲಿ ಬಯಲಾಗುತ್ತದೆ. ಎರಡು ದಿನ ವ್ಯರ್ಥವಾಯಿತೆಂದು ಮಾರ್ಗದರ್ಶಕರು ಚಡಪಡಿಸಬಾರದು.

ಈ ಸೆನ್ಸರಿನೊಂದಿಗೆ ನಿಯಂತ್ರಣ ಪ್ರಯೋಗಗಳ ರೂಢಿಯೂ ಆರಂಭವಾಗಬೇಕು. ಕಿಣ್ವದ ಬದಲು ಅಷ್ಟೇ ಪ್ರಮಾಣದ ಆಲ್ಬುಮಿನ್ ಇಟ್ಟ ಎಲೆಕ್ಟ್ರೋಡು, ಬಿಸಿಮಾಡಿ ಕೆಡಿಸಿದ ಕಿಣ್ವದ ಎಲೆಕ್ಟ್ರೋಡು, ಗ್ಲೂಕೋಸ್ ಇಲ್ಲದ ಬಫರು: ಇವುಗಳನ್ನು ಸೆನ್ಸರಿನ ದಿನವೇ, ಸೆನ್ಸರಿನ ಜೊತೆಯಲ್ಲೇ ತಯಾರಿಸಬೇಕು. ಫಲಿತಾಂಶ ಬಂದ ತಿಂಗಳ ಮೇಲೆ ವಿಮರ್ಶಕರು ಕೇಳಿದರೆಂದು ಮಾಡುವ ನಿಯಂತ್ರಣ ಪ್ರಯೋಗಕ್ಕೆ ಬೆಲೆ ಕಡಿಮೆ, ಆಗ ಕಾರಕಗಳೂ ಬೇರೆ, ಕೈಯೂ ಬೇರೆ.

ಹಂತ 5: ಅಂಕಿಗಳನ್ನು ಅನುಮಾನಿಸುವುದು

ಸಾಂದ್ರತೆಗೆ ತಕ್ಕಂತೆ ಸಂಕೇತ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಅಂಶಾಂಕನ ರೇಖೆಗಾಗಿ ಹೊಸಬರು ತಿಳಿದ ಸಾಂದ್ರತೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಒಂದಾದ ಮೇಲೊಂದರಂತೆ ಅಳೆಯುತ್ತಾರೆ. ಆಗ ಎಲೆಕ್ಟ್ರೋಡು ನಿಧಾನವಾಗಿ ಬದಲಾಗುತ್ತಿದ್ದರೆ ಆ ಬದಲಾವಣೆಯೂ ಸೊಗಸಾದ ಸರಳರೇಖೆಯಂತೆ ಕಾಣಿಸಿಬಿಡಬಹುದು. ಚೀಟಿ ಎತ್ತಿ ಕ್ರಮವನ್ನು ಅಸ್ತವ್ಯಸ್ತಗೊಳಿಸಿ ಅಳೆದರೆ ಇದು ತಕ್ಷಣ ಬಯಲಿಗೆ ಬರುತ್ತದೆ.

ಪತ್ತೆಮಿತಿಯನ್ನು, ಅಂದರೆ ಸೆನ್ಸರ್ ಗುರುತಿಸಬಲ್ಲ ಅತಿ ಕಡಿಮೆ ಸಾಂದ್ರತೆಯನ್ನು, ಗುರಿ ಅಣುವಿಲ್ಲದ ಖಾಲಿ ಮಾದರಿಗಳ ಮಾನಕ ವಿಚಲನೆಯ ಮೂರು ಪಟ್ಟನ್ನು ರೇಖೆಯ ಇಳಿಜಾರಿನಿಂದ ಭಾಗಿಸಿ ಪಡೆಯುವುದು, ನಿಖರವಾಗಿ ಅಳೆಯಬಹುದಾದ ಮಿತಿಗೆ ಹತ್ತು ಪಟ್ಟು ತೆಗೆದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸೂತ್ರ. ಆದರೆ ಆ ವಿಚಲನೆ ಎಲ್ಲಿಂದ ಬಂತು? ಒಂದೇ ಎಲೆಕ್ಟ್ರೋಡನ್ನು ಒಂದೇ ಬಫರಿನಲ್ಲಿ ಹತ್ತು ಬಾರಿ ಓದಿದರೆ ಸಿಗುವುದು ಉಪಕರಣದ ಗದ್ದಲ ಮಾತ್ರ. ಪ್ರತ್ಯೇಕವಾಗಿ ತಯಾರಿಸಿದ ಹತ್ತು ಎಲೆಕ್ಟ್ರೋಡುಗಳಲ್ಲಿ ಹತ್ತು ಖಾಲಿ ಮಾದರಿಗಳನ್ನು ಅಳೆದರೆ ಅದಕ್ಕಿಂತ ಹಲವು ಪಟ್ಟು ದೊಡ್ಡ ವಿಚಲನೆ ಬರುವುದು ಸಾಮಾನ್ಯ, ಮತ್ತು ಒಮ್ಮೆ ಬಳಸಿ ಎಸೆಯುವ ಸೆನ್ಸರಿಗೆ ಈ ಎರಡನೆಯದೇ ಪ್ರಾಮಾಣಿಕ ಅಂಕಿ. ಪುನರಾವರ್ತನೆಗಳ ಸಂಖ್ಯೆಯನ್ನು ಬರೆಯುವಾಗ ಅದು ಎಲೆಕ್ಟ್ರೋಡುಗಳ ಸಂಖ್ಯೆಯೋ ಓದುಗಳ ಸಂಖ್ಯೆಯೋ ಎಂಬುದನ್ನು ಯಾವಾಗಲೂ ಜೊತೆಯಲ್ಲೇ ಬರೆಯುವ ಅಭ್ಯಾಸ ಮಾಡಿಸಿ.

ಅತಿ ಸಣ್ಣ ಪತ್ತೆಮಿತಿಗಳ ಮೋಹವನ್ನು ಇಳಿಸಲು ಒಂದು ಲೆಕ್ಕ ಸಾಕು. ಯಾರಾದರೂ 1 ಅಟ್ಟೋಮೋಲಾರ್ (ಲೀಟರಿಗೆ 10⁻¹⁸ ಮೋಲ್) ಪ್ರೋಟೀನನ್ನು 10 ಮೈಕ್ರೋಲೀಟರ್ ಹನಿಯಲ್ಲಿ ಪತ್ತೆಹಚ್ಚಿದೆವೆಂದು ಬರೆದಿದ್ದರೆ, ಆ ಹನಿಯಲ್ಲಿ ಎಷ್ಟು ಅಣುಗಳಿವೆ ಎಂದು ವಿದ್ಯಾರ್ಥಿಯಿಂದಲೇ ಲೆಕ್ಕ ಹಾಕಿಸಿ. ಉತ್ತರ ಸುಮಾರು ಆರು. ಆರೇ ಅಣುಗಳಿರುವಲ್ಲಿ ಹನಿಯಿಂದ ಹನಿಗೆ ಎಣಿಕೆಯ ಏರಿಳಿತವೇ ಶೇಕಡಾ 40ರಷ್ಟಿರುತ್ತದೆ. ಅವು ವಿಸರಣದಿಂದಲೇ ಎಲೆಕ್ಟ್ರೋಡಿನ ಮೇಲ್ಮೈಯನ್ನು ತಲುಪಲು ಹಿಡಿಯುವ ಸಮಯ ಬೇರೆ. ಹಾಗಿದ್ದೂ ಲೇಖನದಲ್ಲಿ ಶೇಕಡಾ 3ರ ವಿಚಲನೆ ಕಾಣಿಸಿದರೆ ಮುಂದಿನ ಪ್ರಶ್ನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಂದ್ರತೆಯ ಅಕ್ಷವನ್ನು ಲಾಗರಿದಮ್ ಪ್ರಮಾಣದಲ್ಲಿ ಹಾಕಿ, ಅಳೆದ ಅತಿ ಕಡಿಮೆ ಸಾಂದ್ರತೆಗಿಂತ ಕೆಳಗೆ ರೇಖೆಯನ್ನು ಎಳೆದು ಪತ್ತೆಮಿತಿ ಘೋಷಿಸುವುದನ್ನು ನಮ್ಮ ಕ್ಷೇತ್ರ ಹೆಚ್ಚೇ ಸಹಿಸಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಹಂತ 6: ಬಫರಿನಿಂದ ನಿಜವಾದ ಮಾದರಿಗೆ

ಬಫರಿನಲ್ಲಿ ಗೆದ್ದ ಸೆನ್ಸರುಗಳು ಸೀರಮ್‌ನಲ್ಲಿ ಸೋಲುವುದೇ ಹೆಚ್ಚು. ಸೀರಮ್‌ನ ಪ್ರತಿ ಲೀಟರಿನಲ್ಲಿಯೂ 60ರಿಂದ 80 ಗ್ರಾಂ ಪ್ರೋಟೀನಿದ್ದು, ಅದು ನಿಮಿಷಗಳಲ್ಲಿಯೇ ಮೇಲ್ಮೈಯನ್ನು ಆವರಿಸುತ್ತದೆ. ಆದ್ದರಿಂದ ನಿಜವಾದ ಮಾದರಿಯನ್ನು ಯೋಜನೆಯ ಕೊನೆಗೆ ಮೀಸಲಿಡದೆ, ಮೊದಲ ಅಂಶಾಂಕನ ರೇಖೆ ಬಂದ ವಾರದಲ್ಲಿಯೇ ಒಮ್ಮೆ ಪರೀಕ್ಷಿಸಿ ನೋಡಿಸಬೇಕು. ಮಾನವ ಮಾದರಿಗಳೆಲ್ಲವನ್ನೂ ಸೋಂಕಿರಬಹುದೆಂದೇ ಭಾವಿಸಿ ನಿಭಾಯಿಸಬೇಕು. ಹೆಪಟೈಟಿಸ್ ಬಿ ಲಸಿಕೆಯೂ ನೈತಿಕ ಸಮಿತಿಯ ಅನುಮತಿಯೂ ಅದಕ್ಕಿಂತ ಮೊದಲೇ ಸಿದ್ಧವಿರಬೇಕು.

ತಿಳಿದ ಪ್ರಮಾಣವನ್ನು ಮಾದರಿಗೆ ಸೇರಿಸಿ ಎಷ್ಟು ಮರಳಿ ಸಿಕ್ಕಿತು ಎಂದು ನೋಡುವುದು ಆರಂಭಕ್ಕೆ ಒಳ್ಳೆಯದು, ಆದರೆ ಅಷ್ಟಕ್ಕೇ ನಿಲ್ಲಬಾರದು. ಸ್ಥಾಪಿತ ವಿಧಾನವೊಂದರಿಂದ ಅವೇ ಮಾದರಿಗಳನ್ನು ಅಳೆದು ಹೋಲಿಸಬೇಕು. ಇಲ್ಲಿ ಬಹುಮಂದಿ ಸಹಸಂಬಂಧ ಗುಣಾಂಕ 0.99 ಬಂತೆಂದು ಸಮಾಧಾನಪಡುತ್ತಾರೆ. ಸೆನ್ಸರ್ ಪ್ರತಿ ಬಾರಿಯೂ ನಿಜದ ಎರಡರಷ್ಟು ತೋರಿಸಿದರೂ ಆ ಗುಣಾಂಕ 0.99 ಆಗಿಯೇ ಇರುತ್ತದೆ. ಎರಡು ವಿಧಾನಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸುವ, ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವೈದ್ಯಕೀಯ ಲೋಕಕ್ಕೆ ಪರಿಚಯಿಸಿದ ನಕ್ಷೆ ಇದನ್ನು ಒಂದೇ ನೋಟದಲ್ಲಿ ತೋರಿಸುತ್ತದೆ. ಎಷ್ಟು ವ್ಯತ್ಯಾಸ ಸಹ್ಯ ಎಂಬುದನ್ನು ಮಾತ್ರ ನಕ್ಷೆ ಹೇಳುವುದಿಲ್ಲ, ಬಳಕೆ ಹೇಳುತ್ತದೆ: ಮನೆಬಳಕೆಯ ಗ್ಲೂಕೋಸ್ ಮೀಟರುಗಳಿಗಾಗಿ ಐಎಸ್‌ಒ 15197 ಮಾನಕದ 2013ರ ಆವೃತ್ತಿಯು, ಶೇಕಡಾ 95 ಓದುಗಳು ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗೆ 15 ಮಿಲಿಗ್ರಾಂ ಒಳಗೂ, ಅದಕ್ಕೆ ಸಮ ಅಥವಾ ಮೇಲಿದ್ದಾಗ ಶೇಕಡಾ 15ರೊಳಗೂ ಇರಬೇಕೆಂದು ವಿಧಿಸುತ್ತದೆ. ವಿದ್ಯಾರ್ಥಿಯೂ ತನ್ನ ಗುರಿ ಅಣುವಿಗೆ ಇಂಥದ್ದೊಂದು ಗೆರೆಯನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಲಿ.

ಹಂತ 7: ನೋಟ್‌ಬುಕ್ಕು, ಓದು, ವಾರದ ಮಾತುಕತೆ

ನೋಟ್‌ಬುಕ್ಕಿನಲ್ಲಿ ಕಾರಕದ ಬ್ಯಾಚ್ ಸಂಖ್ಯೆ, ಕೋಣೆಯ ತಾಪ, ಎಲೆಕ್ಟ್ರೋಡಿನ ಗುರುತು ಇವು ಇರಲೇಬೇಕು. ಯಾವ ಓದನ್ನು ಯಾವ ಕಾರಣಕ್ಕೆ ಕೈಬಿಡಲಾಗುವುದು ಎಂಬ ನಿಯಮವನ್ನು ಅಳತೆಗೆ ಮೊದಲೇ ಬರೆದಿಡಬೇಕು, ಆಮೇಲೆ ಬರೆದ ನಿಯಮ ನಿಯಮವಲ್ಲ. ಕಚ್ಚಾ ದತ್ತಾಂಶದ ಕಡತಗಳನ್ನು ಯಾರೂ ತಿದ್ದುವಂತಿಲ್ಲ.

ಓದಿನ ವಿಷಯದಲ್ಲಿ, ವಾರಕ್ಕೆ ಐದು ಲೇಖನಗಳನ್ನು ಮೇಲೆಮೇಲೆ ನೋಡುವುದಕ್ಕಿಂತ ಒಂದೇ ಲೇಖನದ ಒಂದೇ ಚಿತ್ರವನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಲು ಯತ್ನಿಸುವುದು ಮೇಲು. ವಾರದ ಭೇಟಿಯಲ್ಲಿ ಸ್ಲೈಡುಗಳ ಬದಲು ಕಚ್ಚಾ ರೇಖೆಗಳನ್ನು ಮೇಜಿನ ಮೇಲಿಟ್ಟು ಮಾತನಾಡಿ, ಮತ್ತು ವಿಫಲವಾದ ಪ್ರಯೋಗದಿಂದಲೇ ಮಾತು ಆರಂಭಿಸಿ. ಮಾರ್ಗದರ್ಶಕರು ಒಳ್ಳೆಯ ರೇಖೆಯನ್ನು ಕಂಡಾಗ ಮಾತ್ರ ಮುಖ ಅರಳಿಸಿದರೆ, ಕೆಟ್ಟ ರೇಖೆಗಳು ಕ್ರಮೇಣ ಮೇಜಿನವರೆಗೆ ಬರುವುದೇ ಇಲ್ಲ. ರಸಾಯನಶಾಸ್ತ್ರದವರನ್ನೂ ಜೀವಶಾಸ್ತ್ರದವರನ್ನೂ ಜೋಡಿಯಾಗಿ ಕೂರಿಸಿ ಪರಸ್ಪರರ ನೋಟ್‌ಬುಕ್ಕನ್ನು ಓದಿಸುವುದು ಖರ್ಚಿಲ್ಲದ, ಆದರೆ ಹೆಚ್ಚಿನ ಕಡೆ ನಡೆಯದ ಕ್ರಮ.

ಹಂತ 8: ಅಜ್ಞಾತ ಮಾದರಿ ಮತ್ತು ಹಸ್ತಾಂತರ

ವಿದ್ಯಾರ್ಥಿ ಸ್ವತಂತ್ರ ಕೆಲಸಕ್ಕೆ ಸಿದ್ಧನಾಗಿದ್ದಾನೆಯೇ ಎಂದು ತಿಳಿಯಲು, ಮಾರ್ಗದರ್ಶಕರು ತೂಗಿ ತಯಾರಿಸಿ ಗುಟ್ಟಾಗಿಟ್ಟ ಆರೆಂಟು ಮಾದರಿಗಳನ್ನು ಕೊಡಬೇಕು. ಅವುಗಳಲ್ಲಿ ಎರಡು ಒಂದೇ ಸಾಂದ್ರತೆಯವಿರಲಿ, ಒಂದು ಖಾಲಿಯಿರಲಿ, ಒಂದರಲ್ಲಿ ಗುರಿ ಅಣುವಿಲ್ಲದೆ ಅಡ್ಡಿಪಡಿಸುವ ಅಣು ಮಾತ್ರವಿರಲಿ. ಉತ್ತರವು ಅಂಕಿ, ಅದರ ಅನಿಶ್ಚಿತತೆ ಮತ್ತು ‘ಇದನ್ನು ನನ್ನ ಸೆನ್ಸರ್ ಹೇಳಲಾರದು’ ಎಂದು ಬರೆಯುವ ಅವಕಾಶ, ಈ ಮೂರನ್ನೂ ಒಳಗೊಂಡಿರಬೇಕು. ಅಡ್ಡಿಪಡಿಸುವ ಅಣುವಿನ ಮಾದರಿಗೆ ಮೂರನೆಯ ಉತ್ತರ ಬರೆದವರನ್ನು ಹೊಸ ಗುರಿ ಅಣುವಿನ ಯೋಜನೆಗೆ ಹಾಕಬಹುದು.

ತರಬೇತಿ ಮುಗಿಸಿ ಹೊರಡುವವರು ತಮ್ಮ ವಿಧಾನವನ್ನು ಬರೆದುಕೊಟ್ಟರೆ ಸಾಲದು. ಅವರು ಇನ್ನೂ ಪ್ರಯೋಗಾಲಯದಲ್ಲಿ ಇರುವಾಗಲೇ, ಆ ಬರಹವನ್ನಷ್ಟೇ ಹಿಡಿದು ಮತ್ತೊಬ್ಬ ಹೊಸಬರು ಸೆನ್ಸರನ್ನು ತಯಾರಿಸಬೇಕು. ಬರೆದವರು ಪಕ್ಕದಲ್ಲಿ ಮೌನವಾಗಿ ಕುಳಿತು, ಎಲ್ಲೆಲ್ಲಿ ಬಾಯಿ ತೆರೆಯಬೇಕೆನಿಸಿತೋ ಅಲ್ಲೆಲ್ಲ ಬರಹದಲ್ಲಿ ಒಂದು ಸಾಲು ಸೇರಿಸಬೇಕು. ಎರಡು ಸುತ್ತುಗಳ ನಂತರವೂ ಇಳಿಜಾರು ಹೊಂದಿಕೆಯಾಗದಿದ್ದರೆ ಬಫರ್, ಕಾರಕದ ಬ್ಯಾಚ್, ಎಲೆಕ್ಟ್ರೋಡಿನ ಉಜ್ಜುವಿಕೆ, ಹೀಗೆ ಒಂದೊಂದನ್ನೇ ಇಬ್ಬರ ನಡುವೆ ಅದಲುಬದಲು ಮಾಡುತ್ತ ಹೋಗಿ, ವ್ಯತ್ಯಾಸ ಎಲ್ಲಿ ಹುಟ್ಟುತ್ತಿದೆಯೆಂದು ಗೊತ್ತಾಗುವವರೆಗೆ ಲೇಖನವನ್ನು ಪ್ರಕಟಣೆಗೆ ಕಳುಹಿಸಬಾರದು.